ಲೋಟದ ಮೇಲಿನ ಹನಿ

ಕೊತಾತ್ಸು ಮೇಜಿನ ಬೆಚ್ಚನೆಯ ಹೊದಿಕೆಯೊಳಗೆ ಕಾಲು ತೂರಿಸಿ ತಮಾಯೊ ಕಿತ್ತಳೆ ಸುಲಿಯುತ್ತಿದ್ದಳು. ಎದುರಿನ ಟಿ.ವಿ.ಯಲ್ಲಿ ಮಗಳು ಚಿಹಾರುವಿನ ವಿಡಿಯೊ ಆಟ. ಒಸಾಕಾದ ಬೀದಿಯೊಂದರಲ್ಲಿ ಕಪ್ಪು ಕೋಟಿನ ರೌಡಿ ಸೈಕಲ್ ಎತ್ತಿಕೊಂಡು ಜನರನ್ನು ಬಡಿಯುತ್ತಿದ್ದ.

"ವಾರವೆಲ್ಲ ಆಸ್ಪತ್ರೇಲಿ ಗಾಯಕ್ಕೆ ಪಟ್ಟಿ ಕಟ್ತೀಯ, ರಜೆ ದಿನ ಗಾಯ ಮಾಡ್ತೀಯಲ್ಲೇ!"

"ಬಡಿದಾಟ ನೆಪ ಅಷ್ಟೇ ಅಮ್ಮ. ಈ ಸರಣಿ ನಂಗಿಷ್ಟ ಆಗೋದು ಯಾಕೆ ಗೊತ್ತಾ? ಬೀದೀಲಿ ಯಾರು ಅಳ್ತಾ ನಿಂತಿದ್ರೂ ಇವನು ನಿಲ್ತಾನೆ. ಕಥೆ ಪೂರ್ತಿ ಕೇಳ್ತಾನೆ. ಯಾರನ್ನೂ ಕೀಳಾಗಿ ನೋಡಲ್ಲ."

ರೌಡಿ ಒಂದು ಬಾರಿನೊಳಗೆ ಹೋದ. ನೀಲಿ ಗೌನಿನ ಹುಡುಗಿ ಸೋಫಾದಲ್ಲಿ ಅವನ ಪಕ್ಕ ಕುಳಿತು ವಿಸ್ಕಿಗೆ ನೀರು ಬೆರೆಸಿದಳು.

ತಮಾಯೊಳ ಕೈ ನಿಂತಿತು. ಮದುವೆಗೆ ಮುಂಚೆ ಅಂಥದೇ ಸೋಫಾದ ಮೇಲೆ ಗಿರಾಕಿಗಳ ಪಕ್ಕ ಕುಳಿತು ಅವಳೂ ವಿಸ್ಕಿ ಬೆರೆಸಿಕೊಡುತ್ತಿದ್ದಳು, ನಾಲ್ಕು ವರ್ಷ. ಗಂಡನಿಗೆ ಗೊತ್ತಿತ್ತು, ಅವನು ಅದನ್ನು ಯಾರಿಗೂ ಹೇಳದೆಯೇ ತೀರಿಕೊಂಡ. ಮಗಳ ಪಾಲಿಗೆ ಅಮ್ಮ ದೊಡ್ಡ ಮಳಿಗೆಯಲ್ಲಿ ಕೈಗವಸು ಮಾರುತ್ತಿದ್ದವಳು. ನಿಜ ತಿಳಿದರೆ ಮಗಳ ಕಣ್ಣಲ್ಲಿ ತಾನು ಏನಾಗಿಬಿಡುತ್ತೇನೋ ಎಂಬ ಭಯ ಇಷ್ಟು ವರ್ಷವೂ ಅವಳನ್ನು ಬಿಟ್ಟಿರಲಿಲ್ಲ.

ಪರದೆಯ ಮೇಲಿನ ಹುಡುಗಿ ಲೋಟ ಮುಂದೆ ಚಾಚಿದಳು.

"ಅಯ್ಯೋ, ಹಾಗೇ ಕೊಟ್ಟುಬಿಟ್ಳಲ್ಲ!" ತಮಾಯೊ ತಡೆಯಲಾರದೆ ಅಂದಳು. "ಲೋಟದ ಮೇಲಿನ ಹನಿ ಒರೆಸೋಕೇ ಅಲ್ವಾ ಮಡಿಲಲ್ಲಿ ಕರವಸ್ತ್ರ ಇಟ್ಕೊಳ್ಳೋದು? ನಮ್ಮ ಯಜಮಾನಿ ಆಗಿದ್ರೆ ಮೇಜಿನ ಕೆಳಗೇ ಕಾಲು ತುಳೀತಿದ್ಲು."

ಮಾತು ಹೊರಬಿದ್ದ ಮೇಲೆ ಅರಿವಾಯಿತು. ಚಿಹಾರು ಆಟ ನಿಲ್ಲಿಸಿದಳು. ಪರದೆಯ ಮೇಲೆ ರೌಡಿ ಲೋಟ ಹಿಡಿದು ಹಾಗೇ ಉಳಿದ.

"ಕೈಗವಸಿನ ಅಂಗಡೀಲಿ ವಿಸ್ಕಿನೂ ಕೊಡ್ತಿದ್ರಾ?"

ತಮಾಯೊ ಕಿತ್ತಳೆಯ ಬಿಳಿ ನಾರು ಬಿಡಿಸತೊಡಗಿದಳು. ತಲೆ ಎತ್ತಲಾಗಲಿಲ್ಲ.

"ಕೈಗವಸಿನ ಅಂಗಡಿ ಇರ್ಲಿಲ್ಲ ಕಣೇ."

ಚಿಹಾರು ಆಟದ ಕಂಟ್ರೋಲರನ್ನು ಕೆಳಗಿಟ್ಟು ಇತ್ತ ತಿರುಗಿ ಕುಳಿತಳು.

"ಆ ಹುಡುಗಿ ಕಥೆ ಇವನು ಆಮೇಲೆ ಕೇಳ್ತಾನೆ, ಕಾಯ್ಲಿ. ನೀನು ಹೇಳು."

"ಏನು ಹೇಳ್ಲಿ?"

"ಅಲ್ಲಿ ನಿನ್ನ ಹೆಸರೇನಿತ್ತು?"

"ಹಿಮೆ," ಎಂದಳು ತಮಾಯೊ, ಕೇಳಿಸಿಯೂ ಕೇಳಿಸದಂತೆ.

"ಹಿಮೆ ಅಂದ್ರೆ ರಾಜಕುಮಾರಿ ಅಲ್ವಾ! ಮೊಣಕೈ ಹರಿದ ಸ್ವೆಟರ್ ಹಾಕ್ಕೊಂಡು ಕೂತಿರೋ ನೀನಾ!"

"ನಾನು ಇಟ್ಕೊಂಡ ಹೆಸರಲ್ಲ. ಯಜಮಾನಿ ಇಟ್ಟಿದ್ದು. ನಂಗೂ ನಗು ಬರ್ತಿತ್ತು," ಎಂದು ತಮಾಯೊ ಬಾರಿನ ಮೊದಲ ದಿನದಿಂದ ಕಥೆ ಶುರುಮಾಡಿದಳು.