ಸತ್ತ ಮೂರನೆಯ ತಂತಿ

ಹತ್ತೊಂಬತ್ತು ವರ್ಷದಿಂದ ಅದೇ ಸ್ಟೂಲು, ಅದೇ ಕೆಲಸ. ಇಲಿಯ ತಲೆಯ ಮೇಲೆ ಅಂಟಿಸಿದ ಕನೆಕ್ಟರಿಗೆ ಅಡಾಪ್ಟರ್ ಸಿಕ್ಕಿಸಬೇಕು, ಅಡಾಪ್ಟರಿಗೆ ಹೆಡ್‌ಸ್ಟೇಜ್. ಮಿದುಳಿನೊಳಗೆ ಇಳಿಬಿಟ್ಟ ಕೂದಲೆಳೆಯಂಥ ಪ್ರೋಬ್ ಹಿಡಿದ ನರಕೋಶಗಳ ಪಿಸುಮಾತನ್ನು ಹೆಡ್‌ಸ್ಟೇಜ್ ದೊಡ್ಡದು ಮಾಡಿ ಕಂಪ್ಯೂಟರಿಗೆ ಕಳಿಸುತ್ತದೆ. ಪ್ರಯೋಗಾಲಯದಲ್ಲಿ ಎಲ್ಲರೂ ಅಕ್ಕ ಎನ್ನುವ ಆ ಟೆಕ್ನೀಷಿಯನ್‌ಗೆ ಇದು ಕಣ್ಣು ಮುಚ್ಚಿ ಮಾಡುವ ಕೆಲಸ. ಕಣ್ಣು ಬಿಟ್ಟು ಮಾಡುವಷ್ಟು ತ್ರಾಣ ಈಚೆಗೆ ಉಳಿದೂ ಇರಲಿಲ್ಲ. ಬೆಳಿಗ್ಗೆ ಏಳುವಾಗಲೇ ಮೈ ಸೋತಿರುತ್ತಿತ್ತು.

ಪಕ್ಕದಲ್ಲಿ ಕೂತಿದ್ದ ಸಂಶೋಧಕಿ ಐದು ವರ್ಷದಿಂದ ಈ ಇಲಿಗಳ ಹಿಂದೆ ಬಿದ್ದು ಹಣ್ಣಾಗಿದ್ದಳು. ಹನ್ನೊಂದು ದಿನದಿಂದ ಮಾತ್ರ ಮುಖದಲ್ಲಿ ಕಳೆ ಬಂದಿತ್ತು. ಶಬ್ದ ಕೇಳಿದಾಗ ಮಿದುಳಿನ ಯಾವ ಪದರ ಮೊದಲು ಎಚ್ಚರವಾಗುತ್ತದೆಂದು ಪುಸ್ತಕಗಳು ಹೇಳುತ್ತಿದ್ದವೋ, ಅದೆಲ್ಲ ಈ ಇಲಿಯಲ್ಲಿ ತಲೆಕೆಳಗಾಗಿ ಕಾಣುತ್ತಿತ್ತು. ಯಾರೂ ಕಾಣದ್ದು ತನಗೆ ಸಿಕ್ಕಿತೆಂದುಕೊಂಡಿದ್ದಳು.

“ನಾಳೆ ಗೈಡ್‌ಗೆ ತೋರಿಸ್ತೀನಿ ಅಕ್ಕಾ. ನಿನ್ನೆ ಎಂಟು ಗಂಟೆ ನಿದ್ದೆ ಮಾಡ್ದೆ. ಹಾಗೆ ಮಲಗಿ ಎಷ್ಟು ವರ್ಷ ಆಗಿತ್ತೋ.”

“ಮುಖ ನೋಡಿದ್ರೇ ಗೊತ್ತಾಗುತ್ತೆ ಬಿಡು,” ಎಂದು ಅಕ್ಕ ಪರದೆಯತ್ತ ನೋಡಿದಳು. ಪ್ರೋಬಿನ ಒಂದೊಂದು ತಂತಿಗೂ ಒಂದೊಂದು ಗೆರೆ, ಮಿದುಳಿನಲ್ಲಿರುವ ಕ್ರಮದಲ್ಲೇ ಮೇಲಿನಿಂದ ಕೆಳಕ್ಕೆ. ಮೂವತ್ತೆರಡರಲ್ಲಿ ಒಂದು ಮಾತ್ರ ಸಪಾಟು, ಉಳಿದವು ಕುಣಿಯುತ್ತಿದ್ದವು. ಈ ಇಲಿಯ ಪ್ರೋಬಿನಲ್ಲಿ ಮೊದಲ ದಿನದಿಂದಲೇ ಒಂದು ತಂತಿ ಸತ್ತಿತ್ತು, ಮೇಲಿನಿಂದ ಮೂರನೆಯದು. ಅದನ್ನು ಪ್ರಯೋಗಾಲಯದ ದಾಖಲೆ ಪುಸ್ತಕದಲ್ಲಿ ಬರೆದಿಟ್ಟವಳೂ ಅಕ್ಕನೇ. ಈಗ ಸಪಾಟು ಗೆರೆ ಇದ್ದದ್ದು ಕೆಳಗಿನಿಂದ ಮೂರನೆಯ ಜಾಗದಲ್ಲಿ.

ಅಕ್ಕ ಹೊಸ ಅಡಾಪ್ಟರಿನ ಡಬ್ಬಿಯನ್ನು ಹತ್ತಿರಕ್ಕೆ ಎಳೆದುಕೊಂಡಳು.

ಹಳೆಯ ಅಡಾಪ್ಟರ್ ಮುರಿದು ಹೊಸದು ಬಂದು ಹನ್ನೊಂದು ದಿನವಾಗಿತ್ತು. ಹಳೆಯದರ ಬಿಳಿ ಚುಕ್ಕಿ ಇಲಿಯ ಮೂಗಿನ ಕಡೆಗಿರಬೇಕಿತ್ತು. ಹೊಸದನ್ನೂ ಕೈ ತಾನಾಗಿ ಹಾಗೇ ಸಿಕ್ಕಿಸಿತ್ತು. ಡಬ್ಬಿಯ ಸ್ಪಂಜಿನಡಿ ಒಂದು ಚೀಟಿ ಇತ್ತು, ಅಕ್ಕ ಈಗ ಬಿಡಿಸಿ ಓದಿದಳು. ತಯಾರಿಸಿದವರಿಗೆ ಏನು ತೋಚಿತೋ, ಈ ಸಲ ಚುಕ್ಕಿ ಬಾಲದ ಕಡೆಗಿರಬೇಕಂತೆ. ತಿರುಗಿಸಿ ಹಾಕಿದರೂ ಅದು ಕೂರುತ್ತದೆ, ಗೆರೆಗಳೂ ಬರುತ್ತವೆ. ಮೇಲಿನದು ಕೆಳಗೆ, ಕೆಳಗಿನದು ಮೇಲೆ, ಅಷ್ಟೇ.

ಸುಮ್ಮನಿದ್ದುಬಿಡಬಹುದಿತ್ತು. ಸತ್ತ ತಂತಿಯನ್ನು ಯಾರು ಎಣಿಸಲು ಬರುತ್ತಾರೆ? ದಣಿದವರಿಗೆ ಸುಮ್ಮನಿರುವುದು ಬಹಳ ಸುಲಭ, ಅಕ್ಕನಿಗೂ ಆಸೆಯಾಯಿತು. ಆದರೆ ಇದು ಅಚ್ಚಾದರೆ ಇನ್ನೆಲ್ಲೋ ಇನ್ನೊಬ್ಬಳು ಇದನ್ನೇ ನಂಬಿ ಐದು ವರ್ಷ ಸವೆಸುತ್ತಾಳೆ.

“ಒಂದ್ನಿಮಿಷ ಇಲಿನ ಹಿಡ್ಕೊಳಮ್ಮ.”

ಅಡಾಪ್ಟರನ್ನು ಬಿಚ್ಚಿ, ತಿರುಗಿಸಿ ಸಿಕ್ಕಿಸಿದಳು. ಸಪಾಟು ಗೆರೆ ಮೇಲಿನಿಂದ ಮೂರನೆಯ ಜಾಗಕ್ಕೆ ಹೋಯಿತು. ಮತ್ತೆ ಶಬ್ದ ಕೇಳಿಸಿದಾಗ, ಪುಸ್ತಕಗಳು ಹೇಳಿದಂತೆಯೇ ಪದರಗಳು ಒಂದೊಂದಾಗಿ ಎಚ್ಚರವಾದವು. ಹುಡುಗಿಗೆ ಬಿಡಿಸಿ ಹೇಳಬೇಕಾಗಲಿಲ್ಲ.

“ಯಾವತ್ತಿಂದ ಅಕ್ಕಾ?”

“ಹೊಸದು ಬಂದಾಗಿಂದ. ಚೀಟಿ ಓದ್ಲಿಲ್ಲ, ತಪ್ಪು ನಂದೇ. ಗೈಡ್ ಹತ್ರ ನಾನೇ ಹೇಳ್ತೀನಿ.”

ಹುಡುಗಿ ನಾಳೆ ತೋರಿಸಬೇಕಿದ್ದ ಗ್ರಾಫುಗಳನ್ನು ಪರದೆಯ ಮೇಲೆ ಒಂದೊಂದಾಗಿ ಮುಚ್ಚಿದಳು. ಬೈದಿದ್ದರೆ ಎಷ್ಟೋ ವಾಸಿ ಎನಿಸಿತು ಅಕ್ಕನಿಗೆ. ಅಷ್ಟರಲ್ಲಿ ಮೇಜಿನ ಮೇಲೆ ಹುಡುಗಿಯ ಫೋನು ಗುಂಯ್‌ಗುಟ್ಟಿತು.

“ಅಮ್ಮ. ನಿಮ್ಮ ಹತ್ರ ಮಾತಾಡ್ಬೇಕು ಅಂತಿದ್ರು. ನೀವೇ ತಗೊಳ್ಳಿ, ನನ್ನ ಕೈಲಾಗಲ್ಲ,” ಎಂದು ಹುಡುಗಿ ಗೋಡೆಯ ಕಡೆ ತಿರುಗಿ ಕೂತಳು. ಅಕ್ಕ ಫೋನೆತ್ತಿ ಹಲೋ ಎಂದಳು.

“ನೀವು ಅಕ್ಕ ಅಲ್ವಾ?” ಆ ಕಡೆಯ ದನಿ ಸಂತೋಷದಿಂದ ನಡುಗುತ್ತಿತ್ತು. “ಇಷ್ಟು ವರ್ಷ ಆಗ್ದೇ ಇದ್ದದ್ದು ಈಗ ಆಯ್ತಂತೆ. ಎಲ್ಲ ನಿಮ್ಮ ಕೈಗುಣ ಅಂತಾಳೆ ನನ್ನ ಮಗಳು.”

“ಹೌದಮ್ಮಾ,” ಎಂದಳು ಅಕ್ಕ. “ನನ್ನ ಕೈಯಿಂದಲೇ ಆಗಿದ್ದು. ಸ್ವಲ್ಪ ಕೂತ್ಕೊಳ್ಳಿ, ಹೇಳ್ತೀನಿ.”