ಮಾರೆಪ್ಪ ಮಾಸ್ತರರ ಶಾಲು

ಮಾರೆಪ್ಪ ಮಾಸ್ತರರ ಸಿಟ್ಟು ಮೊದಲು ಅವರ ಮಂಡಿಗೆ ಬರುತ್ತದೆ. ಅಕ್ಕಿಆಲೂರಿನ ಯಾವ ಸಭೆಯಲ್ಲೇ ಆಗಲಿ, ಹಾಡಿನ ನಡುವೆ ಯಾರಾದರೂ ಭಾಷಣಕ್ಕೆ ಮೈಕು ಹಿಡಿದರೆಂದರೆ ಅವರ ಬಲಮಂಡಿ ಕುಣಿಯತೊಡಗುತ್ತದೆ. ಆ ಸಿಟ್ಟು ಮೇಲೇರಿ, ಬೇಸಿಗೆಯಲ್ಲೂ ಬಿಚ್ಚದ ಕರಿಕೋಟಿನ ಗುಂಡಿಗಳನ್ನು ದಾಟಿ, ಬಾಯಿಗೆ ಬರುವಷ್ಟರಲ್ಲಿ ಅಕ್ಕಪಕ್ಕದವರು ಕುರ್ಚಿ ಸರಿಸಿಕೊಂಡಿರುತ್ತಾರೆ. ಮಾಸ್ತರರು ಮದುವೆ, ಗಣಪತಿ ಹಬ್ಬಗಳ ರಸಮಂಜರಿಗಳಲ್ಲಿ ಕೀಬೋರ್ಡ್ ನುಡಿಸಿಯೇ ಮುಪ್ಪಾದವರು. ದೇಣಿಗೆದಾರರು ಬಂದರೆಂದು ಅರ್ಧಕ್ಕೇ ನಿಲ್ಲಿಸಿದ ಹಾಡುಗಳಿಗೆ ಲೆಕ್ಕವಿಲ್ಲ. ಅಷ್ಟು ವರ್ಷದಲ್ಲಿ ಅವರ ಹೆಗಲಿಗೊಂದು ಶಾಲು ಬಿದ್ದದ್ದಿಲ್ಲ. ಆ ಆಸೆ ಅವರಿಗಿರಲಿಲ್ಲ ಎಂದರೆ ಸುಳ್ಳಾಗುತ್ತದೆ.

ಕಡೆಗೆ ಈ ವರ್ಷ ಹಾನಗಲ್ಲಿನ ಸಭಾಭವನದಲ್ಲಿ ಅವರಿಗೊಂದು ಸನ್ಮಾನ ನಿಗದಿಯಾಯಿತು. ಅದೇ ಸಂಜೆ ಸವಣೂರಿನ ನುಜಹತ ಎಂಬ ಹುಡುಗಿ ಮತ್ತು ಅವಳ ಗೆಳೆಯರಿಬ್ಬರ ಹೊಸ ಬ್ಯಾಂಡಿನ ಮೊದಲ ಕಾರ್ಯಕ್ರಮ. ಎಂಬತ್ತರ ದಶಕದ ಎಲೆಕ್ಟ್ರಾನಿಕ್ ಕೀಬೋರ್ಡುಗಳಾದ ಸಿಂಥಸೈಜರ್‌ಗಳನ್ನು ಹುಬ್ಬಳ್ಳಿಯಿಂದ ಹುಡುಕಿ ತಂದು, ಅವುಗಳ ತಗಡಿನಂಥ ಮಿನುಗುನಾದಕ್ಕೆ ತಾವೇ ಬರೆದ ಹಾಡು ಕೂಡಿಸಿದ್ದರು. ಮಾಸ್ತರರಿಗೆ ಅದು ಅಷ್ಟಾಗಿ ಹಿಡಿಸಲಿಲ್ಲ.

“ಸೈಕಲ್ ಗಂಟಿ ಅಂಗಡಿಗೆ ಬೆಂಕಿ ಬಿದ್ದಂಗ ಐತಿ,” ಎಂದು ಪಕ್ಕದಲ್ಲಿದ್ದ ಗೆಳೆಯ ಗಿರಿಯಪ್ಪನಿಗೆ ಹೇಳಿದರು. ಆದರೂ ಮೂರನೆಯ ಹಾಡಿನಲ್ಲಿ ನುಜಹತ ಕಣ್ಣುಮುಚ್ಚಿ ದನಿ ಎತ್ತರಿಸಿದಾಗ ಅವರ ಬೆರಳುಗಳು ತಾವಾಗಿಯೇ ಕುರ್ಚಿಯ ಕೈ ಮೇಲೆ ಆಡತೊಡಗಿದ್ದವು.

ಆಗಲೇ ಮುಖ್ಯ ಅತಿಥಿ ಸಾಹೇಬರ ಸವಾರಿ ಬಂತು. ನಿರೂಪಕ ನುಗ್ಗಿ ಮೈಕು ಕಸಿದುಕೊಂಡ. ಹಾಡು ಹುಡುಗಿಯ ಗಂಟಲಲ್ಲೇ ಉಳಿಯಿತು. ಸಾಹೇಬರಿಗೆ ಶಿಗ್ಗಾಂವಿಯಲ್ಲಿ ಇನ್ನೊಂದು ಕಾರ್ಯಕ್ರಮವಂತೆ. ಆದ್ದರಿಂದ ಹಿರಿಯ ಕಲಾವಿದ ಮಾರೆಪ್ಪನವರ ಸನ್ಮಾನ ಈಗಲೇ ಆಗಬೇಕಂತೆ. ಕಲೆಯನ್ನು ಗೌರವಿಸಲು ಕಲೆಯದೇ ಕತ್ತು ಹಿಸುಕುವ ಈ ಪದ್ಧತಿಗೆ ನಮ್ಮಲ್ಲಿ ಶಿಷ್ಟಾಚಾರವೆಂಬ ಗಂಭೀರ ಹೆಸರಿದೆ.

ಮಾಸ್ತರರು ಏಳಲಿಲ್ಲ. ಮತ್ತೆ ಕರೆದರೂ ಏಳಲಿಲ್ಲ. ಗಿರಿಯಪ್ಪ ಪಕ್ಕೆ ತಿವಿದ: “ಏಳ್ರಿ ಮಾಸ್ತರ, ಜನ್ಮಕ್ಕೊಂದ ಶಾಲು ಬಂದೈತಿ.”

“ಆ ಹುಡುಗಿ ಹಾಡು ಮುಗೀಲಿ,” ಎಂದರು ಅವರು, ಇಡೀ ಭವನಕ್ಕೆ ಕೇಳುವ ಹಾಗೆ. “ಅಲ್ಲೀಮಟ ನಾ ಏಳಂಗಿಲ್ಲ. ಸಾಹೇಬ್ರಿಗೂ ಕುರ್ಚಿ ಅದಾವ, ಕುಂತು ಕೇಳ್ರಿ ಅಂತ ಹೇಳ್ರಿ.”

ಸಾಹೇಬರು ಕೂರಲಿಲ್ಲ. ಶಾಲನ್ನು ಹತ್ತಿರ ನಿಂತಿದ್ದ ಧ್ವನಿವರ್ಧಕದ ಗುತ್ತಿಗೆದಾರನಿಗೆ ಹೊದಿಸಿ, ಫೋಟೊ ತೆಗೆಸಿಕೊಂಡು ಹೊರಟರು. ಹಿಂದೆಯೇ ಅರ್ಧ ಸಭೆ ಹೊರಟಿತು. ನುಜಹತ ನಿರೂಪಕನ ಕೈಯಿಂದ ಮೈಕು ತೆಗೆದುಕೊಂಡು ಹಾಡನ್ನು ಮತ್ತೆ ಮೊದಲಿನಿಂದ ಎತ್ತಿಕೊಂಡಳು. ಅದು ಪೂರಾ ಮುಗಿದ ಮೇಲೆ ಮಾಸ್ತರರು ಎದ್ದು, ಬರಿಹೆಗಲಲ್ಲಿ ಬಸ್ಸಿಗೆ ನಡೆದರು.

ಇಂಥವರನ್ನು ನಾವು ಹಟಮಾರಿಗಳೆಂದು ಕರೆದು ನಗುತ್ತೇವೆ, ಮುಂದಿನ ಆಮಂತ್ರಣದಿಂದ ಅವರ ಹೆಸರನ್ನು ಮರೆಯದೆ ತೆಗೆಯುತ್ತೇವೆ. ಗೌರವಕ್ಕಾಗಿ ಆಯುಷ್ಯವಿಡೀ ಕಾದವರೇ ಅವರೂ. ಇನ್ನೊಬ್ಬರ ಬಾಯಿ ಮುಚ್ಚಿಸಿ ಕೊಡುವ ಗೌರವವನ್ನು ಮಾತ್ರ ಅವರ ಮೈ ತಾಳದು. ಅಂಥವರೊಬ್ಬರು ಕೂತಿರುವ ಊರಿನಲ್ಲಷ್ಟೇ ಹೊಸಬರ ಹಾಡು ಕೊನೆಯ ಸಾಲು ಮುಟ್ಟುತ್ತದೆ.