ತಗಡಿನ ಲಂಗ

೨೦೧೨ರ ಮಳೆಗಾಲ ಮುಗಿದರೂ ಗೋವಾದ ಕುಡಚಡೆಯ ರಸ್ತೆಗೆ ಅದಿರಿನ ಲಾರಿಗಳು ಇಳಿಯಲಿಲ್ಲ. ಗಣಿಗಳು ಬಂದ್ ಆಗಿದ್ದವು. ಲಾರಿ ರಿಪೇರಿಯನ್ನೇ ನಂಬಿದ್ದ ಮಲಕಪ್ಪನ ವೆಲ್ಡಿಂಗ್ ಶೆಡ್ಡಿನ ಮುಂದೆ ತುಂಡಾದ ಚೈನು, ಸವೆದ ಬೇರಿಂಗುಗಳ ಗುಡ್ಡೆ ಬಿದ್ದಿತ್ತು. ಸುಮ್ಮನೆ ಕೂರಲಾರದೆ ಆತ ಅವುಗಳಿಂದ ಒಂದು ದೊಡ್ಡ ಏಡಿ ಮಾಡಿ ರಸ್ತೆಗೆ ಮುಖಮಾಡಿ ಇಟ್ಟ.

ಕೆಲಸ ಕಳೆದುಕೊಂಡ ಕ್ಲೀನರ್ ಹುಡುಗರು ಅದನ್ನು ಮುಟ್ಟಿ ನೋಡಿ ಹೋಗುತ್ತಿದ್ದರು. "ಕಲೀತೀರೇನು?" ಎಂದು ಮಲಕಪ್ಪ ಕೇಳಿದ. ಕೆಲವರು ನಿಂತರು. ಅವರ ಜೊತೆ ಟಿಪ್ಪರ್ ಡ್ರೈವರ್ ಥಾವರಪ್ಪನ ಮಗಳು ಪೂಜಾ ಕೂಡ ಸೇರಿಕೊಂಡಳು. ಹತ್ತನೇ ಇಯತ್ತೆ ಮುಗಿಸಿ ಮನೆಯಲ್ಲಿದ್ದ ಹುಡುಗಿ.

ಮೊದಲ ದಿನಗಳಲ್ಲಿ ಮಲಕಪ್ಪ ಬೆಂಕಿಯನ್ನೇ ತೋರಿಸಲಿಲ್ಲ. "ತುಕ್ಕಿನ ಮ್ಯಾಲೆ ಬೆಸುಗಿ ಕೂಡಂಗಿಲ್ಲವ್ವಾ. ಮೊದ್ಲ ತಿಕ್ಕು" ಎಂದು ತಂತಿ ಬ್ರಶ್ಶು ಕೊಟ್ಟ. ಪೂಜಾ ಅಂಗೈ ಕೆಂಪಾಗುವಷ್ಟು ತಿಕ್ಕಿದಳು. ಆಮೇಲೆ ಬೆಸೆಯಲು ಕಲಿತಳು. ಅವಳಿಗೆ ಕುಣಿಯುವ ಲಂಬಾಣಿ ಹೆಂಗಸಿನ ಬೊಂಬೆ ಮಾಡುವ ಆಸೆ. ಅಪ್ಪನ ಹಳೆಯ ಟಿಪ್ಪರ್ ಆ ತಿಂಗಳು ಗುಜರಿಗೆ ಹೋಗಿತ್ತು. ಗುಜರಿಯ ಉಸ್ಮಾನನನ್ನು ಕೇಳಿ ಅದರದೇ ಬಾಗಿಲು, ಕನ್ನಡಿ, ಸ್ಪ್ರಿಂಗಿನ ಕಮಾನು ಪಟ್ಟಿಗಳನ್ನು ತಂದಳು.

ಕಮಾನು ಪಟ್ಟಿಯನ್ನೇ ಬೊಂಬೆಯ ಬೆನ್ನೆಲುಬು ಮಾಡಿ ಬೆಸೆದಳು. ಬೇಗ ಆರಲೆಂದು ನೀರು ಸುರಿದಳು. ಕಬ್ಬಿಣ ಟಣ್ಣೆಂದು ಸೀಳಿ ಬೊಂಬೆ ಮಗುಚಿ ಬಿತ್ತು, ತೋಳು ಕಳಚಿತು. ಜೊತೆಗಾರರು ನಕ್ಕರು. ಪೂಜಾ ಕಣ್ಣಿಗೆ ಹಾಕಿದ್ದ ವೆಲ್ಡಿಂಗ್ ಕನ್ನಡಕ ತೆಗೆದಿಟ್ಟು ಮನೆಗೆ ಹೋದಳು. ಮತ್ತೆ ಬರಲಿಲ್ಲ.

ವಾರ ಕಳೆದ ಮೇಲೆ ಮಲಕಪ್ಪನೇ ಅವಳ ಮನೆಗೆ ಹೋದ. ಹೊಸ್ತಿಲ ಮೇಲೆ ಥಾವರಪ್ಪ ಕೂತಿದ್ದ.

"ಹುಡುಗಿ ಯಾಕ ಬರವಲ್ಲಳ್ರಿ?"

"ನನ್ನ ಗಾಡಿ ತುಂಡ ಮಾಡಿ ಗೊಂಬಿ ಮಾಡಾಕ ಹೊಂಟಿದ್ಲಂತ. ನನಗ ಒಂದು ಮಾತು ಹೇಳಿಲ್ಲ" ಎಂದ ಥಾವರಪ್ಪ, ತಲೆ ಎತ್ತದೆ.

"ಬಂದು ನೋಡ್ರಿ. ಆಮ್ಯಾಲೆ ಬೇಕಾದ್ರ ಬೈರಿ."

ಥಾವರಪ್ಪ ಎದ್ದ. ಒಳಗಿದ್ದ ಪೂಜಾ ಹಿಂದೆ ಹಿಂದೆ ಬಂದಳು. ಶೆಡ್ಡಿನ ಗೋಡೆಗೆ ಟಿಪ್ಪರಿನ ಬಾಗಿಲು ಒರಗಿತ್ತು. ಅದರ ಮೇಲೆ ಆತನೇ ಹಳದಿ ಬಣ್ಣದಲ್ಲಿ ಬರೆಸಿದ್ದ ಹೆಂಡತಿಯ ಹೆಸರು: ಫೂಲಿ. ಕತ್ತರಿಸಲು ಪೂಜಾ ಎಳೆದ ಸೀಮೆಸುಣ್ಣದ ಗೆರೆ ಹೆಸರನ್ನು ಸುತ್ತಿ ಹೋಗಿತ್ತು. ಒಂದು ಅಕ್ಷರಕ್ಕೂ ತಾಗಿರಲಿಲ್ಲ.

"ಹೆಸರು ಬಿಟ್ಟು ಗೆರಿ ಹೊಡದಿ" ಎಂದ ಥಾವರಪ್ಪ.

"ಅದು ಎದಿ ಮ್ಯಾಲೆ ಬರ್ತೈತಿ, ಬಾಪು. ಉಳದಿದ್ದು ಲಂಗ."

ಥಾವರಪ್ಪ ಬಾಗಿಲನ್ನು ಗೋಡೆಯಿಂದ ಎತ್ತಿ ನೆಲಕ್ಕೆ ಮಲಗಿಸಿದ. ಆಮೇಲೆ ಅಂಗಿಯ ತೋಳು ಮಡಚಿದ. "ತಗಡು ನಾ ಹಿಡೀತೀನಿ. ನೀ ಕೊಯ್ಯಿ."

ಬೆನ್ನೆಲುಬಿಗೆ ಮಲಕಪ್ಪ ಬೇರೆ ದಾರಿ ತೋರಿಸಿದ. ಪಟ್ಟಿಯನ್ನು ಮೊದಲು ಕಾಯಿಸಿ, ಬಿಸಿಯಿರುವಾಗಲೇ ಬೆಸೆದು, ಬೂದಿಯ ರಾಶಿಯಲ್ಲಿ ಹೂಳಬೇಕು. "ತಾನ ತಣ್ಣಗಾಗ್ಲಿ. ಇದಕ್ಕ ಅವಸರ ಆಗಂಗಿಲ್ಲ." ಪೂಜಾ ಮಧ್ಯಾಹ್ನವಿಡೀ ಬೂದಿಯ ಪಕ್ಕದಲ್ಲೇ ಕೂತಳು. ಹೊರತೆಗೆದಾಗ ಬೆಸುಗೆ ಹಿಡಿದಿತ್ತು. ಮಲಕಪ್ಪ ಸುತ್ತಿಗೆಯಿಂದ ಹೊಡೆದು ನೋಡಿ ತಲೆಯಾಡಿಸಿದ. ಆ ತಲೆಯಾಡಿಸುವಿಕೆ ಅವಳಿಗೆ ಸಾಕಾಯಿತು.

ಬೊಂಬೆ ಎದ್ದು ನಿಂತಿತು. ಲಂಗದ ತುಂಬ ಟಿಪ್ಪರಿನ ಕನ್ನಡಿಯ ಚೂರುಗಳು, ಕೈತುಂಬ ಬೇರಿಂಗಿನ ಬಳೆಗಳು. ಹತ್ತಿರದ ಶಾಲೆಯ ಮಾಸ್ತರರೊಬ್ಬರು ನೋಡಿ, ಶನಿವಾರ ಬಂದು ತಮ್ಮ ಮಕ್ಕಳಿಗೂ ಕಲಿಸುತ್ತೀಯಾ ಎಂದು ಪೂಜಾಳನ್ನೇ ಕೇಳಿದರು. ಅವಳು ಮಲಕಪ್ಪನ ಕಡೆ ನೋಡಿದಳು. "ನನ್ನೇನ ನೋಡ್ತಿ? ಹೋಗು, ಕಲಿಸು" ಎಂದ ಆತ.

ಸಂಜೆ ಕೋಲ್ವಾ ಬೀಚಿನಲ್ಲಿ ಮಣಿಸರ ಮಾರಿ ರೈಲಿಳಿದು ಬಂದ ಫೂಲಿಬಾಯಿ ಶೆಡ್ಡಿನ ಮುಂದೆ ಗಂಟು ಇಳಿಸಿ ನಿಂತಳು. ಬೊಂಬೆಯ ಎದೆಯ ಮೇಲಿದ್ದ ತನ್ನ ಹೆಸರನ್ನು ಓದಲು ಅವಳಿಗೆ ಬರುತ್ತಿರಲಿಲ್ಲ. ಥಾವರಪ್ಪ ಬೆರಳಿಟ್ಟು ಓದಿ ಹೇಳಿದ. ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು. ಆಮೇಲೆ ಬೊಂಬೆಯ ಸುತ್ತ ನಡೆದು ನೋಡಿದಳು.

"ಎಲ್ಲಾ ಚಲೋ ಐತಿ. ಆದ್ರ ಕುಣಿಯೋವಾಗ ತಲಿ ಮ್ಯಾಲಿನ ಓಢಣಿ ಹಿಂಗ ನೆಟ್ಟಗ ಇರಂಗಿಲ್ಲ, ಹಾರತೈತಿ."

"ಹೆಂಗ, ಯಾಡಿ? ತೋರ್ಸು" ಎಂದು ಪೂಜಾ ತಾಯಿಯನ್ನು ಕೇಳಿದಳು.

ಫೂಲಿಬಾಯಿ ರಸ್ತೆಯಂಚಿನಲ್ಲಿ ಒಂದು ಸುತ್ತು ತಿರುಗಿ ತೋರಿಸಿದಳು. ಪೂಜಾ ಸೀಮೆಸುಣ್ಣ ಹುಡುಕತೊಡಗಿದಳು.